ಒಂದು ಮಾತ್ರೆ ಕಡಿಮೆ

ಹೊಸ ಹುಣಸೆಹಣ್ಣಿನ ಹುಳಿವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಛಂದಸ್ಸಿನ ಪಾಠ ನೆನಪಾಗುತ್ತದೆ. ನಗಬೇಡಿ. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ, ಬೇಸಿಗೆಯ ಭಾನುವಾರ ಮಧ್ಯಾಹ್ನ, ದೊಡ್ಡಮ್ಮ ಜಗುಲಿಯಲ್ಲಿ ಕಾಲು ಚಾಚಿ ಕೂತು ಮರದ ಕೊಡತಿಯಿಂದ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಅಮ್ಮನ ಅಕ್ಕ ಅವಳು. ಗಂಡ ಹೋದ ಮೇಲೆ ನಮ್ಮ ಜೊತೆಗೇ ಇದ್ದು ಬಿನ್ನಿಪೇಟೆ ಕಡೆಯ ಒಂದು ಗಿರಣಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಓದು ಬರಹ ಬಾರದು. ಆದರೆ ಕೊಡತಿ ಹಿಡಿದರೆ ಸಾಕು, ಬಾಯಲ್ಲಿ ಹಾಡು, ಅದೂ ತಾನೇ ಕಟ್ಟಿದ್ದು. ವಠಾರದ ಹೆಂಗಸರು ತಮ್ಮ ತಮ್ಮ ಮೊರ ಹಿಡಿದು ಅವಳ ಸುತ್ತ ಬಂದು ಕೂರುತ್ತಿದ್ದರು. ವಾರವಿಡೀ ಯಾರ ಲೆಕ್ಕಕ್ಕೂ ಇಲ್ಲದ ಅವಳಿಗೆ ಆ ಒಂದು ಮಧ್ಯಾಹ್ನ ಮಾತ್ರ ಮರ್ಯಾದೆಯಿತ್ತು.

ನಾನಾಗ ಎಂಟನೇ ಕ್ಲಾಸು. ಲಘು, ಗುರು, ಗಣ, ಪ್ರಾಸ ಎಲ್ಲ ಹೊಸದಾಗಿ ಕಲಿತು ಕಾಲು ನೆಲದ ಮೇಲಿರಲಿಲ್ಲ. ಕಂಡದ್ದಕ್ಕೆಲ್ಲ ಮಾತ್ರೆ ಎಣಿಸುವ ಹುಚ್ಚು. ಸೋಪಿನ ಜಾಹೀರಾತನ್ನೂ ಬಿಟ್ಟವಳಲ್ಲ. ಅವತ್ತು ದೊಡ್ಡಮ್ಮ "ಗಿರಣಿಯ ಹಾದಿಯ ತುಂಬ ಸಂಪಿಗೆ" ಎಂದು ಹೊಸ ಹಾಡು ಎತ್ತಿದಳು. ಅವಳು ಬಿಡಿಸಿದ ಬೀಜಗಳನ್ನೇ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟೆ: ಎರಡು ಮಾತ್ರೆಯ ಗುರುವಿಗೆ ಇಡೀ ಬೀಜ, ಒಂದು ಮಾತ್ರೆಯ ಲಘುವಿಗೆ ಒಡೆದ ಹೋಳು. ನಾಲ್ಕು, ನಾಲ್ಕು, ಮೂರು, ನಾಲ್ಕು.

"ದೊಡ್ಡಮ್ಮಾ, ತಪ್ಪು! 'ತುಂಬ' ಅನ್ನೋ ಕಡೆ ಒಂದು ಮಾತ್ರೆ ಕಮ್ಮಿ. ಆ ರಸ್ತೇಲಿ ಸಂಪಿಗೆ ಮರಾನೂ ಇಲ್ಲ. ಇದು ಪದ್ಯಾನೇ ಅಲ್ಲ!" ಎಂದೆ, ಅಷ್ಟೂ ಜನರ ಮುಂದೆ.

ಹೆಂಗಸರು ಗೊಳ್ಳೆಂದು ನಕ್ಕರು. ದೊಡ್ಡಮ್ಮ ಕೊಡತಿ ಕೆಳಗಿಟ್ಟು ಆ ಬೀಜದ ಸಾಲನ್ನೇ ನೋಡುತ್ತ ಕೂತಳು. "ಇರಬೋದು ಪುಟ್ಟಿ. ಓದಿದೋಳು ನೀನು, ನಿಂಗೇ ಗೊತ್ತಿರತ್ತೆ" ಅಂದಳು. ಆಮೇಲೆ ಬಾಯಿಮುಚ್ಚಿ ಕುಟ್ಟತೊಡಗಿದಳು. ಅಮ್ಮ ನನ್ನನ್ನು ಒಳಗೆಳೆದು ತಲೆಗೆ ಮೊಟಕಿದಳು. ಮುಂದಿನ ಭಾನುವಾರ ನಾನೇ ಗೋಗರೆದೆ, ಹಾಡು ದೊಡ್ಡಮ್ಮಾ ಎಂದು. "ಗಂಟಲು ಕಟ್ಕೊಂಡಿದೆ ಕಣೇ" ಅಂದಳು. ಆ ಗಂಟಲು ಕೊನೆಯತನಕ ಬಿಡಲಿಲ್ಲ. ಮೊರಗಳು ಬರುವುದೂ ಒಂದೊಂದಾಗಿ ನಿಂತಿತು.

ನಾನು ಕನ್ನಡ ಮೇಡಂ ಆದೆ. ಅದೇ ಲಘು, ಅದೇ ಗುರು, ಅದೇ ಉಪಮೆ ರೂಪಕ. ಬೋರ್ಡಿನ ಮುಂದೆ ನಿಂತು ನಿಂತು ಕಾಲು ಸೋತವು, ಮನಸ್ಸೂ. ವಠಾರ ಕೆಡವಿ ಎಷ್ಟೋ ಕಾಲವಾಯಿತು. ಮೊನ್ನೆ, ಮಾಡಲು ಬೇರೆ ಕೆಲಸವಿಲ್ಲದೆ, ಹುಣಸೆಹಣ್ಣು ಕುಟ್ಟುತ್ತ ಕೂತಿದ್ದೆ. ಆ ಸಾಲು ತಾನಾಗಿ ಬಾಯಿಗೆ ಬಂತು. ಗಿರಣಿಯ ಹಾದಿಯ ತುಂಬ, ಅಷ್ಟರಲ್ಲಿ ಕೊಡತಿ ಬಿತ್ತು, ಟಕ್, ಸಂಪಿಗೆ.

ನಾಲ್ಕು, ನಾಲ್ಕು, ನಾಲ್ಕು, ನಾಲ್ಕು.

ಅಯ್ಯೋ ದೇವರೇ. ಕಡಿಮೆಯಾದ ಮಾತ್ರೆಯನ್ನು ಅವಳ ಕೈ ತುಂಬುತ್ತಿತ್ತು. ನಾನು ಬಾಯಿಂದ ಬಂದದ್ದನ್ನಷ್ಟೇ ಎಣಿಸಿದ್ದೆ. ಮತ್ತೆ ಕುಟ್ಟಿದೆ, ಮತ್ತೆ ಹಾಡಿದೆ, ಪ್ರತಿ ಸಲವೂ ಸರಿಯಾಗಿ ಕೂತಿತು. ಅದರ ಮುಂದಿನ ಸಾಲು ಏನಿತ್ತೋ ನನಗೆ ಗೊತ್ತಿಲ್ಲ. ಅವಳನ್ನು ಅಲ್ಲಿಯತನಕ ಹಾಡಲು ನಾನು ಬಿಟ್ಟಿರಲಿಲ್ಲ.