ತಮಟೆಯಿಲ್ಲದೆ ಹೋದವಳು

ಇಂದು ಪಾಲಿಬೆಟ್ಟದಲ್ಲಿ ಸೆಲ್ವಿಯ ಅಪ್ಪನ ಮಣ್ಣಿಗೆ ಹೋಗಿದ್ದೆ. ಎದೆ ನಡುಗುವಂತೆ ತಮಟೆ ಬಡಿಯುತ್ತಿದ್ದರು. ಆ ಸದ್ದಿಗೆ ನೆನಪಾದದ್ದು ಸೆಲ್ವಿಯ ಅಮ್ಮ.

ಅವರೆಲ್ಲ ನಮ್ಮ ತೋಟದ ಲೈನಿನಲ್ಲಿ, ಅಂದರೆ ಕೂಲಿಗಳ ಸಾಲುಮನೆಗಳಲ್ಲಿದ್ದ ತಮಿಳರು. ಸೆಲ್ವಿ ನನ್ನ ಓರಗೆಯವಳು. ಅವಳ ಅಮ್ಮ ಜ್ವರದಲ್ಲಿ ತೀರಿಕೊಂಡ ದಿನ ನಮ್ಮ ಮನೆಯಲ್ಲಿ ಅಕ್ಕನ ನಿಶ್ಚಿತಾರ್ಥ. ಲೈನಿನಲ್ಲಿ ತಮಟೆ ಶುರುವಾಗುತ್ತಿದ್ದಂತೆ ಅಪ್ಪ ಅಲ್ಲಿಗೇ ನಡೆದರು. ನಾನೂ ಹಿಂದೆ ಓಡಿದೆ.

“ನೆಂಟರು ಊಟಕ್ಕೆ ಕೂತಿದ್ದಾರೆ. ಬಡಿಯೋದು ನಿಲ್ಸಿ. ರಸ್ತೆ ಬೇಡ, ತೋಟದೊಳಗಿಂದ ತಗೊಂಡ್ಹೋಗಿ.”

“ತಮಟೆ ಇಲ್ದೆ ಎತ್ತಿದ್ರೆ ಅನಾಥ ಹೆಣ ಅಂತಾರೆ ದೊರೆ,” ಸೆಲ್ವಿಯ ಅಪ್ಪ ಕೈಮುಗಿದ.

“ಹಾಗಾದ್ರೆ ನಾಳೆನೇ ಲೈನ್ ಖಾಲಿ ಮಾಡು.”

ನಮ್ಮಜ್ಜಿ ಸತ್ತಾಗ ಕೊಡವರ ಪದ್ಧತಿಯಂತೆ ಊರಿಗೆಲ್ಲ ಕೇಳುವಂತೆ ಗುಂಡು ಹಾರಿಸಿದ್ದವರು ಇದೇ ಅಪ್ಪ. ಸೆಲ್ವಿಯ ಅಮ್ಮ ಮಾತ್ರ ಸದ್ದಿಲ್ಲದೆ ಹೋದಳು. ಒತ್ತಾಗಿ ಬೆಳೆದ ಕಾಫಿ ಗಿಡಗಳ ನಡುವೆ ಚಟ್ಟ ನುಗ್ಗಲಾರದೆ ಎರಡು ಸಲ ವಾಲಿತು.

ಇಂದು ಮಣ್ಣು ಮುಗಿದ ಮೇಲೆ ಸೆಲ್ವಿಯ ಕೈ ಹಿಡಿದು, ಅಪ್ಪ ಅಂದು ಮಾಡಿದ್ದಕ್ಕೆ ಕ್ಷಮೆ ಕೇಳಿದೆ.

ಅವಳು ಕೈ ಬಿಡಿಸಿಕೊಂಡಳು. “ದೊರೆ ಮಾತು ಬಿಡಿ. ಚಟ್ಟ ವಾಲಿದಾಗ ನೀವು ನಕ್ಕಿದ್ರಿ.”