ಬರೀ ಜೋಳದ ರೊಟ್ಟಿ

ಕಮಲಾಪುರದ ಅಂಬಮ್ಮ ಗಂಡನನ್ನು ಕಳೆದುಕೊಂಡದ್ದು ದೊಡ್ಡ ಜ್ವರ ಬಂದ ವರ್ಷ. ಮನೆಗೊಂದು ಹೆಣ ಬಿದ್ದ ಆ ಚಳಿಗಾಲ ಕಳೆದ ಮೇಲೆ ಅವಳು ಎಂಟು ವರ್ಷದ ಮಗಳು ಜಯದೇವಿಯ ಕೈ ಹಿಡಿದು ಕಲಬುರಗಿಗೆ ಬಂದಳು. ಅಲ್ಲಿನ ಧಾನ್ಯದ ಪೇಟೆ ಗಂಜ್‌ನ ದೇವೀಂದ್ರಪ್ಪ ಸಾವುಕಾರರ ಅಂಗಳದಲ್ಲಿ ತೊಗರಿ ಒಡೆಯುವ ಕೆಲಸ ಸಿಕ್ಕಿತು. ಬಿಸಿಲಲ್ಲಿ ಕೂತು ಬೀಸುವ ಕಲ್ಲು ತಿರುವಬೇಕು, ಕೇರಿ ಹೊಟ್ಟು ಹಾರಿಸಬೇಕು. ಕೂಲಿಯೆಂದರೆ ಜೋಳ, ಮೇಲೊಂದು ಬೊಗಸೆ ಬೇಳೆನುಚ್ಚು.

ನುಚ್ಚು ಮಗಳ ಪಾಲಿಗೆ ಹೋಗುತ್ತಿತ್ತು. ಅಂಬಮ್ಮ ಹೊತ್ತಿಗೆ ಮೂರು ರೊಟ್ಟಿ ಉಪ್ಪು ಖಾರದಲ್ಲಿ ಅದ್ದಿ ತಿಂದು ನೀರು ಕುಡಿಯುತ್ತಿದ್ದಳು.

“ಯವ್ವಾ, ನೀ ಯಾಕ ಬ್ಯಾಳಿ ಉಣವಲ್ಲಿ?”

“ನನಗ ಒಗ್ಗಂಗಿಲ್ಲ. ಹೊಟ್ಟಿ ಉಬ್ಬರಸ್ತದ.”

ಸುಳ್ಳು ಹೇಳಿ ಹೇಳಿ ಅದೇ ರೂಢಿಯಾಯಿತು. ಹೊಟ್ಟೆ ತುಂಬುತ್ತಿದ್ದುದರಿಂದ ತಾನು ಉಪವಾಸವಿದ್ದೇನೆಂದು ಅವಳಿಗೆ ಒಂದು ದಿನವೂ ಅನ್ನಿಸಲಿಲ್ಲ.

ಕಲಬುರಗಿಗೆ ಬಂದ ಏಳನೆಯ ವರ್ಷದ ಬೇಸಿಗೆಯಲ್ಲಿ ಅವಳ ಮುಂಗೈಗಳು ಉರಿಯತೊಡಗಿದವು. ಮೊದಲು ಕೆಂಪಾಗಿ, ಆಮೇಲೆ ಕಪ್ಪಾಗಿ, ಚರ್ಮ ಹೆಕ್ಕಳಿಕೆಯಾಗಿ ಏಳತೊಡಗಿತು. ಕೊರಳ ಸುತ್ತಲೂ ಸರ ಹಾಕಿದಂತೆ ಒಂದು ಕಪ್ಪು ಪಟ್ಟಿ ಮೂಡಿತು. ನಾಲಿಗೆ ಹಸಿ ಗಾಯದಂತಾಗಿ ಖಾರ ಸೋಕಿದರೆ ಕಣ್ಣಲ್ಲಿ ನೀರು. ತಿಂದದ್ದು ನಿಲ್ಲದೆ ದಿನಕ್ಕೆ ಎಂಟು ಹತ್ತು ಸಲ ಹೊರಗೆ ಓಡುವಂತಾಯಿತು. ಕಲ್ಲಿನ ಗೂಟ ಹಿಡಿದ ಆ ಕೈಗಳನ್ನು ಒಂದು ದಿನ ಸಾವುಕಾರರು ಕಂಡರು.

“ಈ ಕೈ ಮುಟ್ಟಿದ ಬ್ಯಾಳಿ ಯಾರ್ ಕೊಳ್ತಾರ ಅಂಬಮ್ಮ? ದೊಡ್ಡ ರೋಗ ಇದ್ದಂಗದ. ನಾಳಿಂದ ಬರಬ್ಯಾಡ.”

ದೊಡ್ಡ ರೋಗ ಅಂದರೆ ಕುಷ್ಠ. ಆ ಮಾತು ತಾಯಿ ಮಗಳಿಗಿಂತ ಮೊದಲೇ ಕಮಲಾಪುರ ಮುಟ್ಟಿತ್ತು. ತಮ್ಮ ಸೂಗಪ್ಪ ಅವಳನ್ನು ಬಾಗಿಲಲ್ಲೇ ತಡೆದು ದನದ ಕೊಟ್ಟಿಗೆ ತೋರಿಸಿದ. ಅವನ ಹೆಂಡತಿ ದೂರದಿಂದ ಕಲ್ಲಿನ ಮೇಲೆ ರೊಟ್ಟಿ ಇಟ್ಟು ಹೋಗುತ್ತಿದ್ದಳು. ಅದೂ ಬರೀ ರೊಟ್ಟಿಯೇ. ಪಕ್ಕದಲ್ಲೇ ಎಮ್ಮೆ ಕರೆಯುತ್ತಿದ್ದರೂ ಒಂದು ಗುಟುಕು ಹಾಲು ಅವಳತ್ತ ಬರಲಿಲ್ಲ. ಮಳೆಗಾಲ ಬರುವಷ್ಟರಲ್ಲಿ ಅಂಬಮ್ಮನ ಬುದ್ಧಿ ಜಾರತೊಡಗಿತು. ಸತ್ತ ಗಂಡನೊಡನೆ ಜಗಳವಾಡುವಳು, ಮಗಳನ್ನು ಯಾರೋ ಎಂದು ಹೆದರುವಳು. ಜಯದೇವಿಯನ್ನು ನೋಡಲು ಬಂದ ಬೀಗರ ಮುಂದೆ ಸೀರೆಯ ಎಚ್ಚರವಿಲ್ಲದೆ ಬಂದು ನಿಂತಳು. ಅವರು ನೀರು ಕೂಡ ಕುಡಿಯದೆ ಬಂಡಿ ಹತ್ತಿದರು.

ಗಾಳಿ ಮೆಟ್ಟಿದೆ, ಕಲಬುರಗಿಯ ದರ್ಗಾಕ್ಕೆ, ರೋಜಾಕ್ಕೆ ಕರೆದುಕೊಂಡು ಹೋಗು ಎಂದು ಊರವರು ಅಂದರು. ಜಯದೇವಿ ತಾಯಿಯನ್ನು ಬಂಡಿಯಲ್ಲಿ ಮಲಗಿಸಿ ತಂದಳು. ದರ್ಗಾದ ಹಾದಿಯಲ್ಲಿ ಇಮಾಮುದ್ದೀನ್ ಎಂಬ ಮುದುಕ ಸಣ್ಣ ಔಷಧದ ಅಂಗಡಿ ಇಟ್ಟಿದ್ದ. ಹಿಂದೆ ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ಅಂಗಡಿಯ ಮುಂದೆಯೇ ಕುಸಿದ ಅಂಬಮ್ಮನ ಕೈ ಹಿಡಿದು ನೋಡಿ, ಕಪ್ಪು ಚರ್ಮಕ್ಕೆ ಸೂಜಿಯ ಮೊನೆ ಚುಚ್ಚಿದ. ಅವಳು ಚೀರಿ ಕೈ ಎಳೆದುಕೊಂಡಳು.

“ನೋವು ಗೊತ್ತಾಗ್ತದ. ಕುಷ್ಠ ಅಲ್ಲ ಇದು, ಬೇಟಿ.” ರವಿಕೆಯ ತೋಳು ಸರಿಸಿ ತೋರಿಸಿದ. “ಬಟ್ಟಿ ಮುಚ್ಚಿದ ಕಡಿ ತೊಗಲು ಸಾಫ್ ಅದ. ಬಿಸಿಲು ಬಿದ್ದ ಕಡಿ ಅಷ್ಟೇ ಸುಟ್ಟದ. ಏನ್ ಉಣ್ತಾಳ ನಿಮ್ಮವ್ವ?”

“ರೊಟ್ಟಿ ರೀ.”

“ಮತ್ತ?”

“ರೊಟ್ಟಿ ಅಷ್ಟೇ ರೀ.”

ಮುದುಕ ಸೂಜಿಯನ್ನು ಒರೆಸಿ ಡಬ್ಬಿಗೆ ಹಾಕಿದ. “ಇದರ ಹೆಸರು ನನಗೂ ಗೊತ್ತಿಲ್ಲ. ಬರಗಾಲದಾಗ ದವಾಖಾನಿಗಿ ಬಂದವರಲ್ಲಿ ಇದನ್ನ ಭಾಳ ಕಂಡೀನಿ. ಜೋಳ ಹೊಟ್ಟ್ಯಾಗ ಕರಗಿ ದುಡಿಯಾಕ ಕಸುವು ಕೊಡ್ತದ. ಆದ್ರ ತೊಗಲು, ಕರುಳು, ತಲಿ ಇವು ದಿನಾ ಸವಿತಾವ, ದಿನಾ ಹೊಸದಾಗಿ ಕಟ್ಟಬೇಕು. ಅದಕ್ಕ ಜೋಳ ಒಂದೇ ಸಾಲಂಗಿಲ್ಲ. ನಾಲಗಿ ನೋಡು, ಹ್ಯಾಂಗ ಸುಲದದ. ಒಳಗ ಕರುಳೂ ಹಾಂಗೇ ಸುಲದಿರ್ತದ. ಅದಕ್ಕ ಉಂಡದ್ದು ಮೈಗಿ ಹತ್ತವಲ್ದು.”

“ಏನ್ ಕೊಡ್ಲಿ ರೀ?”

“ಹಾಲು. ಮೊದಲು ಎರಡು ಗುಟುಕು, ತಡದ್ರ ನಾಕು. ಆಮ್ಯಾಲ ಬ್ಯಾಳಿ ಕಟ್ಟು, ಕುದಿಸಿದ ಶೇಂಗಾ. ನೀವು ಮಾಂಸ ತಿನ್ನಂಗಿಲ್ಲ, ಇರಲಿ.”

ಅವನ ಹೆಂಡತಿ ಮಸ್ತಾನಬಿ ಹಿತ್ತಲಿನ ಛಪ್ಪರದಲ್ಲಿ ಇಬ್ಬರಿಗೂ ಜಾಗ ಕೊಟ್ಟು, ತಮ್ಮ ಆಡಿನ ಹಾಲು ಕೊಟ್ಟಳು. ಹತ್ತನೆಯ ದಿನಕ್ಕೆ ಭೇದಿ ನಿಂತಿತು. ತಿಂಗಳೊಳಗೆ ಕಪ್ಪು ಚರ್ಮ ಹಾವಿನ ಪೊರೆಯಂತೆ ಕಳಚಿ ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಬಂತು. ಒಂದು ಮುಂಜಾನೆ ಅಂಬಮ್ಮ ಮಗಳ ಮುಖ ಸವರಿ, “ಬೀಗರು ಬಂದಿದ್ರಲ್ಲ, ಏನಂದ್ರು?” ಎಂದು ಕೇಳಿದಳು. ಜಯದೇವಿ ನಡೆದದ್ದನ್ನೆಲ್ಲ ಹೇಳಿದಳು. ಬುದ್ಧಿ ಮರಳಿದ್ದಕ್ಕೆ ಅಂಬಮ್ಮ ಆ ದಿನ ಸಂಜೆಯವರೆಗೂ ಅತ್ತಳು.

ಕೈ ಹಸನಾದರೂ ಹೆಸರು ಹಸನಾಗಲಿಲ್ಲ. ತಾಯಿ ಮಗಳು ಮಸ್ತಾನಬಿಯ ಹಿತ್ತಲಲ್ಲೇ ಉಳಿದರು. ಎರಡು ವರ್ಷದ ಮೇಲೆ ಸೂಗಪ್ಪ ಚಿಂಚೋಳಿ ಕಡೆಯ ಒಂದು ಸಂಬಂಧ ತಂದ. ವರ ಎರಡನೆಯ ಮದುವೆಯವನು, ಹೆಸರು ದೌಲಪ್ಪ.

“ಅಕ್ಕಾ, ತಾಯಿ ಇಲ್ಲ ಅಂತ ಹೇಳೀನಿ. ನೀ ಮದುವಿಗಿ ಬರಬ್ಯಾಡ. ಮುಂದೂ ಆ ಊರಿಗಿ ಹೋಗಬ್ಯಾಡ.”

ಅಂಬಮ್ಮ ತನ್ನ ಕೈಗಳನ್ನು ಅವನ ಮುಂದೆ ಚಾಚಿದಳು. ಅವನು ಬೇರೆ ಕಡೆ ನೋಡಿದ. “ಆಯ್ತು,” ಅಂದಳು.

ಮದುವೆಯಾದ ಮೇಲೆ, ಆ ಮಾತು ಪಾಲಿಸಿದಷ್ಟು ಕಾಲ ಅವಳು ಮಗಳನ್ನು ನೋಡಿದ್ದು ಒಂದೇ ಸಲ. ದರ್ಗಾದ ಉರುಸಿನ ಜಾತ್ರೆಯ ಜನಸಂದಣಿಯಲ್ಲಿ ಜಯದೇವಿ ಮಸ್ತಾನಬಿಯ ಹಿತ್ತಲಿಗೆ ಕದ್ದು ಬಂದಳು, ಕಂಕುಳಲ್ಲಿ ಗಂಡುಕೂಸು. ಅಂಬಮ್ಮ ಕೂಸನ್ನು ಎತ್ತಿಕೊಳ್ಳುವ ಮೊದಲೇ ಮಗಳ ಮುಂಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ಚರ್ಮ ಕೆಂಪಾಗಿ ಬಿರಿಯುತ್ತಿತ್ತು.

“ಏನ್ ಉಣ್ತಿ?”

“ಎಲ್ಲಾರೂ ಉಂಡ ಮ್ಯಾಲ ಉಳದದ್ದು.”

“ಏನ್ ಉಳೀತದ?”

ಜಯದೇವಿ ಕೈ ಬಿಡಿಸಿಕೊಂಡು ಸೆರಗಿನೊಳಗೆ ಮುಚ್ಚಿಕೊಂಡಳು. ಅಂಬಮ್ಮ ಮನೆಯಲ್ಲಿದ್ದ ಬೇಳೆ, ಶೇಂಗಾ ಎಲ್ಲವನ್ನೂ ಅವಳ ಸೆರಗಿಗೆ ಕಟ್ಟಿ ಕಳಿಸಿದಳು. ಆ ಗಂಟು ಅತ್ತೆಯ ಕೈ ಸೇರಿತೆಂದು ತಿಳಿದದ್ದು ಆಮೇಲೆ.

ಮುಂದಿನ ಬೇಸಿಗೆಗೆ ಚಿಂಚೋಳಿ ಕಡೆಯಿಂದ ಗಂಜಿಗೆ ತೊಗರಿ ತಂದ ಬಂಡಿಯವ ಪೀರಪ್ಪ, ದೌಲಪ್ಪನ ಹೆಂಡತಿಗೆ ದೊಡ್ಡ ರೋಗ ಬಂದು ಹೊಲದ ಗುಡಿಸಲಲ್ಲಿ ಇಟ್ಟಿದ್ದಾರೆಂದು ಹೇಳಿದ. ಅಂಬಮ್ಮ ಕೊಟ್ಟ ಮಾತು ಮುರಿದು ಅವನ ಬಂಡಿಯಲ್ಲೇ ಹೊರಟಳು. ಗುಡಿಸಲಲ್ಲಿ ಜಯದೇವಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಾಯಿಯ ಗುರುತು ಹತ್ತಲಿಲ್ಲ. ಅಂಬಮ್ಮ ದೌಲಪ್ಪನ ಮನೆಯ ಮುಂದೆ ನಿಂತು, ನಾನು ಅವಳ ತಾಯಿ, ನನಗೂ ಇದೇ ಬಂದಿತ್ತು, ಇದು ಕುಷ್ಠವಲ್ಲ, ಹಾಲು ಬೇಳೆ ಕೊಟ್ಟರೆ ವಾಸಿಯಾಗುತ್ತದೆ ಎಂದು ಗಂಟಲು ಹರಿಯುವಂತೆ ಹೇಳಿದಳು.

“ತಾಯಿಗಿ ಇತ್ತು, ಮಗಳಿಗಿ ಬಂತು,” ಎಂದಳು ಅತ್ತೆ. “ಕರಕೊಂಡು ಹೋಗು. ಕೂಸು ನಮ್ದು.”

ಜಯದೇವಿ ಬದುಕಿದಳು. ಆಡಿನ ಹಾಲು, ಬೇಳೆ ಕಟ್ಟು ಎರಡು ತಿಂಗಳಲ್ಲಿ ಅವಳನ್ನು ಎಬ್ಬಿಸಿ ಕೂರಿಸಿದವು. ತಾಯಿಯೂ ಮಗಳೂ ಗಂಜ್‌ನ ಇನ್ನೊಬ್ಬರ ಅಂಗಳದಲ್ಲಿ ಕಲ್ಲಿನ ಎರಡೂ ಬದಿಗೆ ಕೂತು ತೊಗರಿ ಒಡೆದರು. ಕೂಸನ್ನು ತೋರಿಸಿರೆಂದು ಎರಡು ಸಲ ಹೇಳಿ ಕಳಿಸಿದರೂ ಉತ್ತರ ಬರಲಿಲ್ಲ.

ಐದಾರು ವರ್ಷ ಕಳೆದ ಮೇಲೆ ಪೀರಪ್ಪ ಮತ್ತೊಮ್ಮೆ ಅಂಗಳಕ್ಕೆ ಬಂದಾಗ, ಜಯದೇವಿಯ ಹುಡುಗ ಈಗ ಶಾಲೆಗೆ ಹೋಗುತ್ತಾನೆಂದು ಹೇಳಿದ. ಜಯದೇವಿ ಕಲ್ಲು ನಿಲ್ಲಿಸಿದಳು.

“ಏನ್ ಉಣ್ತಾನಂತ ಅಣ್ಣಾ?”

“ಅದನ್ನ ನಾ ಕೇಳಲಿಲ್ಲ ತಂಗಿ,” ಎಂದ ಪೀರಪ್ಪ.