ಬಸಪ್ಪನ ಚಪ್ಪಲಿ

ಪೇಪರಿನಲ್ಲಿ ನಾನು ಬರೆಯುವ ವ್ಯಂಗ್ಯಚಿತ್ರದ ಮೂಲೆಯಲ್ಲಿ ಬರಿಗಾಲಲ್ಲಿ ನಿಂತು ಮಂತ್ರಿಗಳನ್ನು ಪಿಳಿಪಿಳಿ ನೋಡುವ ಬಡವ ಇದ್ದಾನಲ್ಲ, ಅವನ ಮುಖ ಹಳಿಯಾಳ ಬಸ್‌ಸ್ಟ್ಯಾಂಡಿನ ಹಮಾಲ ಬಸಪ್ಪನದು. ಹೋದ ತಿಂಗಳು ಬಸಪ್ಪ ತೀರಿಕೊಂಡ. ಮನೆಯವರನ್ನು ಮಾತಾಡಿಸಿ ಬರಲು ಹೋದೆ. ಗೋಡೆಯ ಮೇಲೆ ಫೋಟೋ ಇರಲಿಲ್ಲ. ನನ್ನ ಚಿತ್ರದಿಂದ ಮಂತ್ರಿಯನ್ನು ಕತ್ತರಿಸಿ ತೆಗೆದು, ಉಳಿದ ಬಸಪ್ಪನಿಗೆ ಮಾಲೆ ಹಾಕಿದ್ದರು.

ಅವನ ಹೆಂಡತಿ ಕೇಳಿದಳು: "ಸಾಹೇಬ್ರ, ಇನ್ನ ಮುಂದನೂ ಇವ್ರನ್ನ ಬರೀತೀರೇನ್ರಿ?"

"ಬರೀತೇನವ್ವಾ."

"ಹಂಗಾರ ಕಾಲಿಗೆ ಚಪ್ಪಲಿ ಹಾಕ್ರಿ. ಬಿಸಿಲಾಗ ಭಾಳ ನಿಂತಾರ."

ಮರುದಿನದ ಚಿತ್ರದಲ್ಲಿ ಹಾಕಿದೆ. ಅದನ್ನು ನೋಡಿದ್ದೇ ಸಂಪಾದಕರು ಫೋನ್ ಮಾಡಿ ರೇಗಿದರು: "ಏನ್ರೀ, ಬಡವನ ಕಾಲಿಗೆ ಚಪ್ಪಲಿ ಬಂದಾವಲ್ಲ! ನೀವೂ ಸರಕಾರದ ಕಡೆ ಆದಿರೇನು?"